ಹನ್ನೆರಡಕ್ಕೆ ಕೂರದ ಮುಳ್ಳು

"ಆ ಗಡಿಯಾರದ ಮುಳ್ಳು ಎಲ್ಲಿ ನಿಂತಿದೆಯೋ ಅಲ್ಲೇ ನಿಂತಿರ್ಲಿ. ಅದನ್ನ ಹನ್ನೆರಡಕ್ಕೆ ತರೋಕೆ ಮಾತ್ರ ಹೋಗ್ಬೇಡ," ಎಂದಳು ಗುಜರಿ ಅಕ್ಕ, ಮೂಗಿಗೆ ಕರ್ಚೀಫು ಒತ್ತಿಕೊಂಡು.

ಗೀಟಪ್ಪ ನಕ್ಕ. ಎಂಥ ನಗು ಅಂತೀರಿ! ಕೆಳಗಿನ ಟೈರ್ ಅಂಗಡಿಯಲ್ಲಿ ಗಾಳಿ ತುಂಬುತ್ತಿದ್ದವನು ಟೈರೇ ಒಡೆಯಿತೆಂದು ತಲೆಯ ಮೇಲೆ ಕೈಯಿಟ್ಟುಕೊಂಡು ಕುಳಿತುಬಿಟ್ಟನಂತೆ.

"ಯಾಕಕ್ಕಾ, ಕಚ್ಚುತ್ತಾ?"

"ಕಚ್ಚೋದಕ್ಕಾದ್ರೆ ಇಂಜೆಕ್ಷನ್ ಇದೆ. ಇದಕ್ಕಿಲ್ಲ."

"ಅಯ್ಯೋ, ಸೆಲ್ ಹಾಕೋ ಗಡಿಯಾರಕ್ಕೂ ದೆವ್ವ ಹಿಡಿಯೋ ಕಾಲ ಬಂತಲ್ಲ! ಹಿಡಿಯೋದಾದ್ರೆ ಒಳ್ಳೇದೇ, ಬೆಲೆ ಇನ್ನೂ ಏರುತ್ತೆ."

ಗುಜರಿ ಅಕ್ಕ ನಗಲಿಲ್ಲ. ಹಳೆಯ ವಸ್ತುಗಳನ್ನು ಇಂಟರ್ನೆಟ್ಟಿನಲ್ಲಿ ಹರಾಜು ಹಾಕುವ ಆ ಕಂಪನಿಗೆ ಬರುವ ಪ್ರತಿ ಪೊಟ್ಟಣವನ್ನೂ ಮೊದಲು ಬಿಚ್ಚುವವಳು ಅವಳು. ಒಂದು ಪೆಟ್ಟಿಗೆಯ ಮುಚ್ಚಳ ತೆರೆದು ಮೂಸಿದರೆ ಸಾಕು, ಅದರ ಒಡೆಯ ಯಾವ ಕಾಯಿಲೆಯಿಂದ ಸತ್ತ, ಸಾಯುವಾಗ ಯಾವ ಸೊಸೆಯನ್ನು ಬೈದ ಎನ್ನುವುದನ್ನೂ ಹೇಳಿಬಿಡುತ್ತಾಳೆಂಬ ಪ್ರತೀತಿಯಿತ್ತು. ಅಂಥವಳೇ ಈ ಗಡಿಯಾರದ ಪೊಟ್ಟಣವನ್ನು ಅರ್ಧ ಬಿಚ್ಚಿ, ವಾಪಸ್ ಕಳಿಸುವ ಸಾಮಾನುಗಳ ಬುಟ್ಟಿಗೆ ತಳ್ಳಿ, ಆಮೇಲೆ ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದಿದ್ದಳು. ತೊಳೆದ ಕೈಯನ್ನು ಮತ್ತೆ ಮೂಸಿ ಮತ್ತೆ ತೊಳೆದಿದ್ದಳು.

ಗೀಟಪ್ಪ ಆ ಕಚೇರಿಗೆ ಬಂದು ಕೆಲವು ವರ್ಷವಾಗಿತ್ತು. ಆ ಹೆಸರು ಅವನ ತಂದೆತಾಯಿ ಇಟ್ಟದ್ದಲ್ಲ. ಕಚೇರಿಯವರು ಬಂದ ವಾರದಲ್ಲೇ ಕಟ್ಟಿದ್ದು. ಅವನ ಕೆಲಸವೇ ಗೀಟು ಎಳೆಯುವುದು. ಜಗತ್ತಿನ ಯಾವ ಮೂಲೆಯ ಆನ್‌ಲೈನ್ ಹರಾಜಿನಲ್ಲಿ ಹಳೆಯ ಕ್ವಾರ್ಟ್ಜ್ ಕ್ರೋನೋಗ್ರಾಫ್ ಮಾರಾಟವಾದರೂ ಅದರ ಬೆಲೆ ಅವನ ಪರದೆಯ ಮೇಲೆ ಒಂದು ಚುಕ್ಕಿಯಾಗಬೇಕು. ಚುಕ್ಕಿಗಳು ಸೇರಿ ಗೀಟಾಗಬೇಕು. ಕ್ರೋನೋಗ್ರಾಫ್ ಎಂದರೆ ಮತ್ತೇನಲ್ಲ, ಹೊಟ್ಟೆಯೊಳಗೊಂದು ಸ್ಟಾಪ್‌ವಾಚ್ ಇರುವ ಕೈಗಡಿಯಾರ. ಪಕ್ಕದ ಬಟನ್ ಒತ್ತಿದರೆ ಉದ್ದನೆಯ ಮುಳ್ಳು ಓಡುತ್ತದೆ, ಇನ್ನೊಂದು ಒತ್ತಿದರೆ ಓಡಿ ಬಂದು ಹನ್ನೆರಡರ ಮೇಲೆ ಕೂರುತ್ತದೆ. ಕೀಲಿ ಕೊಡುವ ಗಡಿಯಾರಗಳನ್ನು ಪೂಜಿಸುವ ಸಂಗ್ರಾಹಕರು ಇವುಗಳಿಗೆ ಒಂದು ಕಾಲದಲ್ಲಿ "ಸೆಲ್ಲಿನ ಡಬ್ಬ" ಎಂದು ಉಗಿಯುತ್ತಿದ್ದರು. ಗೀಟಪ್ಪ ಮಾತ್ರ, ಇವುಗಳ ಕಾಲ ಬರುತ್ತಿದೆ, ನನ್ನ ಗೀಟು ಏರುತ್ತದೆಯೇ ಹೊರತು ಇಳಿಯುವುದಿಲ್ಲ ಎಂದು ತಿಂಗಳು ತಿಂಗಳೂ ಕಂಪನಿಯ ಜಾಲತಾಣದಲ್ಲಿ ಬರೆದು ಸಾರುತ್ತಿದ್ದ. ಆಶ್ಚರ್ಯವೆಂದರೆ ಗೀಟು ಇಳಿದಿರಲೇ ಇಲ್ಲ. ಹೆಂಡತಿಯ ಜ್ವರ ಏರಿದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ. ಗೀಟು ಕೂದಲೆಳೆಯಷ್ಟು ಬಾಗಿದರೆ ಅವನಿಗೇ ಜ್ವರ.

ಬುಟ್ಟಿಯಲ್ಲಿದ್ದ ಗಡಿಯಾರವನ್ನು ಕಂಡು ಅವನ ಬಾಯಲ್ಲಿ ನೀರೂರಿದ್ದಕ್ಕೆ ಕಾರಣವಿತ್ತು. ಅದರ ಬಟನ್ ಪಕ್ಕದಲ್ಲಿ ಹಲ್ಲಿನಿಂದ ಕಚ್ಚಿದಂಥ ಒಂದು ಗಾಯ. ಆ ಗಾಯವನ್ನು ಅವನು ಬೇರೆ ಬೇರೆ ಊರುಗಳ ಹಳೆಯ ಹರಾಜಿನ ಫೋಟೋಗಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದ. ಅದೇ ಗಡಿಯಾರ! ಮತ್ತೆ ಮತ್ತೆ ಮಾರಾಟವಾಗುತ್ತ ಅಲೆಯುತ್ತಿದೆ. ಹೆಚ್ಚುಕಡಿಮೆ ಪ್ರತಿ ಸಲವೂ ಮಾರುವವರು "ನಮ್ಮ ತೀರಿಕೊಂಡ ಚಿಕ್ಕಪ್ಪನವರದು", "ದಿವಂಗತ ಯಜಮಾನರದು" ಎಂದೇ ಬರೆದಿದ್ದರು. ಅದನ್ನು ಗೀಟಪ್ಪ ಗಮನಿಸಿರಲಿಲ್ಲವೆಂದಲ್ಲ. ಅವನ ಪರದೆಯಲ್ಲಿ ಸಾವಿಗೆ ಚುಕ್ಕಿಯಿರಲಿಲ್ಲ, ಅಷ್ಟೇ. ಜೊತೆಗೆ ಪ್ರತಿ ಫೋಟೋದಲ್ಲೂ ಆ ಉದ್ದ ಮುಳ್ಳು ಹನ್ನೆರಡನ್ನು ಬಿಟ್ಟು ಓರೆಯಾಗಿ ನಿಂತಿತ್ತು. ಗೋಡೆಯ ಮೇಲಿನ ಸೊಟ್ಟ ಪಟವನ್ನು ಕೆಲವರು ಸರಿ ಮಾಡದೆ ಮುಂದೆ ಹೋಗಲಾರರಲ್ಲ, ಹಾಗೆ ಕ್ರೋನೋಗ್ರಾಫಿನ ಹುಚ್ಚರು ಹನ್ನೆರಡಕ್ಕೆ ಕೂರದ ಮುಳ್ಳನ್ನು ಕಂಡರೆ ಸುಮ್ಮನಿರಲಾರರು. ಬೇರೆ ಯಾರಾದರೂ ಆಗಿದ್ದರೆ ಟೈಮು ನೋಡಿ ಜೇಬಿಗಿಡುತ್ತಿದ್ದರು.

ಗುಜರಿ ಅಕ್ಕ ಊಟಕ್ಕೆ ಎದ್ದು ಹೋದಳು. ಗೀಟಪ್ಪ ಗಡಿಯಾರವನ್ನು ಎತ್ತಿಕೊಂಡ.

ಮೊದಲು ಬಂದದ್ದು ವಾಸನೆ. ಸ್ಟೀಲಿನ ಚೈನಿನ ಕೊಂಡಿಕೊಂಡಿಯ ಸಂದಿಯಲ್ಲೂ ಕಂದುಬಣ್ಣದ ಕೊಳೆ ಗಿಡಿದಿತ್ತು. ಯಾರದೋ ಬೆವರು, ಯಾರದೋ ಚರ್ಮದ ಹೊಟ್ಟು, ಯಾರದೋ ತೋಳಿನ ಕೂದಲು, ವರ್ಷಗಳ ಕಾಲ ಸೇರಿ ಹುದುಗಿ ಮುದ್ದೆಯಾಗಿತ್ತು. ಒಡೆದ ಹಾಲು, ಕಿವಿಯ ಗುಗ್ಗೆ, ಬಿಚ್ಚಿಟ್ಟು ಮರೆತ ಕಾಲುಚೀಲ ಮೂರನ್ನೂ ಒಂದೇ ಡಬ್ಬಿಗೆ ಹಾಕಿ ಬಿಸಿಲಿಗಿಟ್ಟಂಥ ನಾತ. ಆದರೆ ಸಂಗ್ರಾಹಕರ ಮಡಿಯೇ ಬೇರೆ: ಹಳೆಯ ಗಡಿಯಾರವನ್ನು ತೊಳೆಯಬಾರದು, ಉಜ್ಜಬಾರದು, ಬಂದ ಸ್ಥಿತಿಯಲ್ಲೇ ಇರಬೇಕು. ತೊಳೆದರೆ ಬೆಲೆ ಬೀಳುತ್ತದೆ. ಆದ್ದರಿಂದ ಗೀಟಪ್ಪ ಆ ಕೊಳೆಯನ್ನು ದೇವರ ಪ್ರಸಾದದಂತೆ ಜೋಪಾನ ಮಾಡಿದ. ಹಿಂದಿನ ಮುಚ್ಚಳ ತೆಗೆದು ಹಳೆಯ ಸೆಲ್ ಎತ್ತಿದ. ಅದರ ಅಡಿಯಲ್ಲಿ ಮೆಣಸಿನ ಕಾಳಿನಷ್ಟು ದೊಡ್ಡ ಕರಿಯ ಉಂಡೆಯೊಂದು, ಅದಕ್ಕೆ ಸುತ್ತಿದ ಒಂದೆಳೆ ದಾರ. ಬೆರಳು ತಾಗಿತು. ಮೆತ್ತಗಿತ್ತು. ಬೆಚ್ಚಗಿತ್ತು.

ಸೆಲ್ ಸೋರಿ ಗಟ್ಟಿಯಾಗಿರಬೇಕು ಎಂದುಕೊಂಡ. ಮೂಲಸ್ಥಿತಿ ಕೆಡಿಸಬಾರದೆಂದು ಅದನ್ನು ಹಾಗೇ ಬಿಟ್ಟು, ಹೊಸ ಸೆಲ್ ಕೂರಿಸಿ ಮುಚ್ಚಳ ಒತ್ತಿದ. ಗಡಿಯಾರವನ್ನು ಕೈಗೆ ಕಟ್ಟಿ, ಬಟನ್ ಒತ್ತಿ ಒತ್ತಿ, ಮುಳ್ಳನ್ನು ತಂದು ಹನ್ನೆರಡರ ಮೇಲೆ ಕೂರಿಸಿದ.

ಮುಳ್ಳು ಒಂದು ಕ್ಷಣ ಕೂತಿತು. ಆಮೇಲೆ ತಾನಾಗಿಯೇ ಓಡತೊಡಗಿತು.

ನಿಲ್ಲಿಸುವ ಬಟನ್ ಒತ್ತಿದ. ನಿಲ್ಲಲಿಲ್ಲ. ಚೈನಿನ ಕೊಕ್ಕೆ ಎಳೆದ. ಬಿಚ್ಚಲಿಲ್ಲ. "ತುಕ್ಕು ಹಿಡಿದಿದೆ," ಎಂದು ತನಗೆ ತಾನೇ ಹೇಳಿ, ಅಂಗಿಯ ತೋಳು ಇಳಿಬಿಟ್ಟುಕೊಂಡು ಮನೆಗೆ ಹೋದ.

*

ಗೀಟಪ್ಪನ ಹೆಂಡತಿ ಹಲ್ಲಿನ ಡಾಕ್ಟರು. ಬೆಳಗಿನಿಂದ ಸಂಜೆವರೆಗೆ ಊರಿನವರ ಬಾಯೊಳಗಿನ ಹೊಲಸನ್ನು ಕೆರೆದು ತೆಗೆಯುವವಳು. ನನಗೆ ಹೇಸಿಗೆ ಅನ್ನುವುದೇ ಗೊತ್ತಿಲ್ಲ ಎಂದು ಜಂಬ ಕೊಚ್ಚುವವಳು. ಕೀವು ತುಂಬಿದ ಒಸಡಿನ ವರ್ಣನೆ ಮಾಡುತ್ತಲೇ ಮೊಸರನ್ನ ಉಣ್ಣುವ ಗಟ್ಟಿಗಿತ್ತಿ. ಅವಳಿಗೊಬ್ಬ ತಮ್ಮ. ಊರಿನ ಈಜುಕೊಳದಲ್ಲಿ ಈಜು ಕಲಿಸುವವನು. ಅವನನ್ನು ಎಲ್ಲರೂ ಮೀನು ಎಂದೇ ಕರೆಯುತ್ತಿದ್ದರು. ದಿನಕ್ಕೆ ಅಷ್ಟು ಹೊತ್ತು ನೀರಲ್ಲಿರುವ ಅವನಷ್ಟು ಶುಭ್ರ ಮನುಷ್ಯ ಭೂಮಿಯ ಮೇಲೆ ಇರಲಾರ. ಅವನು ಬಾಗಿಲಲ್ಲಿ ನಿಂತರೆ ಇಡೀ ಮನೆಗೆ ಕ್ಲೋರಿನ್ನಿನ ವಾಸನೆ ಹರಡುತ್ತಿತ್ತು. ಇರುವೆಗಳು ಸಾಲು ಮುರಿದು ಓಡುತ್ತಿದ್ದವು.

ಕಂಪನಿಯ ಕೆಲಸಗಾರರು ಅದರ ಹರಾಜಿನಲ್ಲಿ ಕೂಗುವಂತಿಲ್ಲ ಎಂಬ ನಿಯಮವಿತ್ತು. ಗೀಟಪ್ಪ ಸೇರಿದ ಹೊಸತರಲ್ಲೇ ಅದಕ್ಕೊಂದು ಒಳದಾರಿ ಮಾಡಿಕೊಂಡಿದ್ದ. ಮೀನುವಿನ ಹೆಸರಲ್ಲಿ ಖಾತೆ ತೆರೆದು, ಯಾವುದಾದರೂ ಕ್ರೋನೋಗ್ರಾಫ್ ತೀರ ಅಗ್ಗಕ್ಕೆ ಹೋಗುವಂತಿದ್ದರೆ ಆ ಹೆಸರಲ್ಲಿ ಕೂಗಿ, ಬೆಲೆ ಮೇಲೆತ್ತಿ, ಕೊನೆಯಲ್ಲಿ ಜಾರಿಕೊಳ್ಳುತ್ತಿದ್ದ. ಗೀಟು ಇಳಿಯದಿದ್ದ ರಹಸ್ಯ ಅಷ್ಟೇ.

"ನನ್ನ ಹೆಸರು ತಾನೆ ಭಾವ? ಬಳಸಿದ್ರೆ ಸವೆದುಹೋಗುತ್ತಾ? ಇಟ್ಕೊಳ್ಳಿ," ಎಂದಿದ್ದ ಮೀನು. "ಗೆದ್ರೆ ಮಾತ್ರ ನಂಗೊಂದು ಹೇಳಿ. ಜೀವನದಲ್ಲಿ ಒಂದ್ಸಲನಾದ್ರೂ ಏನಾದ್ರೂ ಗೆದ್ದೆ ಅಂತ ಅಮ್ಮನ ಹತ್ರ ಹೇಳ್ಕೋತೀನಿ."

ಆ ಸಂಜೆ ಗೀಟಪ್ಪನ ಮಣಿಕಟ್ಟು ತುರಿಸತೊಡಗಿತು. ಚೈನಿನ ಅಂಚಿನಿಂದ ಬೂದುಬಣ್ಣದ ಒಂದು ಸುರುಳಿ ಹೊರಬಂತು. ಸ್ನಾನದಲ್ಲಿ ಮೈ ತಿಕ್ಕಿದಾಗ ಬರುತ್ತದಲ್ಲ, ಅಂಥದು. ಒರೆಸಿದ. ಇನ್ನೊಂದು ಬಂತು. ಅದನ್ನೂ ಒರೆಸಿದ. ಆಮೇಲೆ ಅದು ನಿಲ್ಲಲೇ ಇಲ್ಲ. ಶಾವಿಗೆ ಒತ್ತಿನಿಂದ ಇಳಿದಂತೆ ಇಳಿಯಿತು.

ಸ್ನಾನ ಮಾಡಿದ. ತೋಳು, ಕುತ್ತಿಗೆ, ಕಿವಿಯ ಹಿಂದೆ, ಹೊಕ್ಕುಳು, ಉಜ್ಜಿದಲ್ಲೆಲ್ಲ ಕೊಳೆ. ತಿಕ್ಕಿದಷ್ಟೂ ಕೊಳೆ. ನೀರು ಹೋಗುವ ತೂತು ಕಟ್ಟಿಕೊಂಡಿತು. ಕಡ್ಡಿ ಹಾಕಿ ತೆಗೆದರೆ ಬಂದದ್ದು ಒಂದು ಹಿಡಿ ಬೂದು ಮುದ್ದೆ, ಅದರಲ್ಲಿ ಉದ್ದನೆಯ ನರೆಗೂದಲು. ಗೀಟಪ್ಪನದು ಒಂದು ಕೂದಲೂ ನರೆತಿರಲಿಲ್ಲ. ಮುದ್ದೆಯನ್ನು ಬಕೆಟ್ಟಿಗೆ ಕೊಡವಿದಾಗ ಟಕ್ಕೆಂದು ಸದ್ದಾಯಿತು. ಒಂದು ಉಗುರು. ಹೆಬ್ಬೆರಳಿನದು, ಹಳದಿ. ಅದೂ ಅವನದಲ್ಲ.

ಹೆಂಡತಿ ಆಸ್ಪತ್ರೆಯ ಚೀಲದಿಂದ ಹಲ್ಲು ಕೆರೆಯುವ ಕೊಕ್ಕೆ ತಂದಳು. "ಕೈ ಕೊಡಿ ಇಲ್ಲಿ. ಇದಕ್ಕಿಂತ ಹೊಲಸು ಬಾಯಿ ದಿನಾ ನೋಡ್ತೀನಿ," ಎಂದು ಚೈನಿನ ಸಂದಿಗೆ ಕೊಕ್ಕೆ ಹಾಕಿ ಎಳೆದಳು. ಬಂತು. ಎಳೆದಳು. ಬಂತು. ಕಾಗದದ ಮೇಲೆ ಸಣ್ಣ ಗುಡ್ಡವಾಯಿತು. ಕೊಕ್ಕೆ ಇನ್ನೂ ಒಳಗೆ ಹೋಯಿತು. ಚೈನು ದಾಟಿ, ಚರ್ಮ ಇರಬೇಕಾದ ಜಾಗ ದಾಟಿ, ಹಸಿ ಸೋಪಿನೊಳಗೆ ಹೋದಂತೆ ಮೆತ್ತಗೆ ಒಳಕ್ಕೆ.

"ನೋವಾಗ್ತಿಲ್ವಾ ರೀ?"

"ಇಲ್ಲ. ಯಾಕೆ?"

ಕೊಕ್ಕೆಯ ತುದಿ ಏನೋ ಗಟ್ಟಿಯಾದದ್ದಕ್ಕೆ ತಾಗಿ ಕಿರ್ರೆಂದಿತ್ತು. ಹಲ್ಲಿನ ಡಾಕ್ಟರಿಗೆ ಆ ಸದ್ದು ಗೊತ್ತು. ಮೂಳೆ. ಎದ್ದು ಬಚ್ಚಲಿಗೆ ಓಡಿದಳು. ಹೇಸಿಗೆ ಗೊತ್ತಿಲ್ಲದವಳು ಆವತ್ತು ಕರುಳೇ ಬಾಯಿಗೆ ಬರುವಂತೆ ವಾಂತಿ ಮಾಡಿದಳು.

ಮುಂದಿನ ದಿನಗಳಲ್ಲಿ ಚರ್ಮದ ಡಾಕ್ಟರು ಮುಲಾಮು ಕೊಟ್ಟರು, ಮುಲಾಮೂ ಕೊಳೆಯಾಯಿತು. ಟೈರ್ ಅಂಗಡಿಯವನು ಕಬ್ಬಿಣ ಕತ್ತರಿಸುವ ಕಟ್ಟರ್ ಹಾಕಿದ. ಕಟ್ಟರಿನ ಬಾಯಿ ಮುರಿಯಿತು, ಚೈನಿಗೆ ಗೀರೂ ಬೀಳಲಿಲ್ಲ. ಮೊಬೈಲು ಅವನ ಬೆರಳನ್ನು ಗುರುತಿಸಲು ನಿರಾಕರಿಸಿತು. ನೋಡಿದರೆ ಬೆರಳ ತುದಿಯ ಗೆರೆಗಳೆಲ್ಲ ಕರಗಿ ನುಣ್ಣಗಾಗಿದ್ದವು. ನಾತವಂತೂ ಹೇಳಬಾರದು. ಬೀದಿಯ ನಾಯಿಗಳು ಮನೆಮುಂದೆ ಬಾಲ ಮುದುರಿ ದಾಟುತ್ತಿದ್ದವು; ನೊಣಗಳು ಮಾತ್ರ ನೆಂಟರಿಷ್ಟರನ್ನೆಲ್ಲ ಕರಕೊಂಡು ಬಂದವು. ಹೆಂಡತಿ ಬೇರೆ ಕೋಣೆಯಲ್ಲಿ ಮಲಗತೊಡಗಿದಳು. ತಟ್ಟೆಯನ್ನು ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದಳು. ಅವಳ ತಪ್ಪಲ್ಲ. ಅವನಿಗೇ ಅವನ ಕೈಯಿಂದ ಉಣ್ಣಲು ಆಗುತ್ತಿರಲಿಲ್ಲ. ಅನ್ನ ಕಲಸಿದರೆ ಅನ್ನವೇ ಬೂದಾಗುತ್ತಿತ್ತು.

ಹೇಸದೆ ಬಂದವನು ಮೀನು ಒಬ್ಬನೇ. ಬಂದವನೇ ಅಂಗಿ ಬಿಚ್ಚಿ, ಚಡ್ಡಿ ಮಡಚಿ, ಭಾವನನ್ನು ಮಗುವಿನಂತೆ ಬಚ್ಚಲಿಗೆ ಎತ್ತಿಕೊಂಡು ಹೋದ. ಬೆನ್ನು ಉಜ್ಜಿದ. ತಲೆಗೆ ನೀರು ಸುರಿದ. ಕೈತುಂಬ ಬಂದ ಮುದ್ದೆಯನ್ನು ಮುಖ ಸಿಂಡರಿಸದೆ ಬಕೆಟ್ಟಿಗೆ ಹಾಕಿದ.

"ಮೂಗು ಮುಚ್ಕೊಳ್ಳೋ," ಎಂದ ಗೀಟಪ್ಪ.

"ನಮ್ಮ ಕೊಳದಲ್ಲಿ ಮಕ್ಕಳು ಏನೇನು ಬಿಟ್ಟು ಹೋಗ್ತಾರೆ ಅಂತ ಗೊತ್ತಾ ಭಾವ ನಿಮ್ಗೆ? ಅದರ ಮುಂದೆ ನೀವು ಗಂಧದ ಕೊರಡು," ಎಂದ ಮೀನು. "ಹೀಗೇ ಬಿಡಲ್ಲ ನಿಮ್ಮನ್ನ. ವಾಸಿ ಆಗ್ದಿದ್ರೆ ಕೊಳಕ್ಕೇ ಎತ್ತಿ ಹಾಕ್ತೀನಿ. ಅದೆಷ್ಟು ಕೊಳೆ ಇದೆಯೋ ನಾನೂ ನೋಡ್ತೀನಿ."

*

ಗುಜರಿ ಅಕ್ಕ ಅವನನ್ನು ಕಚೇರಿಯ ಒಳಗೆ ಬಿಡಲಿಲ್ಲ. ಟೈರುಗಳ ರಾಶಿಯ ಪಕ್ಕದ ಮೆಟ್ಟಿಲ ಮೇಲೆ, ಗಾಳಿ ಬೀಸುವ ದಿಕ್ಕು ನೋಡಿಕೊಂಡು, ದೂರದಲ್ಲೇ ಕೂತಳು. ಅವನು ತೋಳು ಮೇಲೆತ್ತಿ ತೋರಿಸಿದ. ಮುಳ್ಳು ಓಡುತ್ತಿತ್ತು.

"ನೀನು ಒತ್ತಿದೆ," ಎಂದಳು.

"ಒತ್ತಿದೆ ಅಕ್ಕಾ."

"ಕಚ್ಚುತ್ತಾ ಅಂತ ಕೇಳಿದ್ಯಲ್ಲ."

ಅವನು ಅತ್ತ. ಕಣ್ಣೀರು ಕೂಡ ಕೆನ್ನೆಯ ಮೇಲೆ ಬೂದು ಗೆರೆಯಾಗಿ ಇಳಿಯಿತು. ಅವಳು ಮುಖ ಆಚೆ ತಿರುಗಿಸಿಕೊಂಡೇ ಹೇಳಿದಳು.

ಒಂದು ಬಟ್ಟೆ ಹೊಲಿಯುವ ಕಾರ್ಖಾನೆ. ಅಲ್ಲೊಬ್ಬ ಮೇಸ್ತ್ರಿ. ಹೆಂಗಸರು ಕಕ್ಕಸಿಗೆ ಎದ್ದರೆ ಈ ಗಡಿಯಾರದ ಬಟನ್ ಒತ್ತುತ್ತಿದ್ದ. ಮುಳ್ಳು ಒಂದು ಸುತ್ತು ಮುಗಿಸುವುದರೊಳಗೆ ಬಂದು ಕೂರಬೇಕು. ಕೂರದಿದ್ದರೆ ಎಲ್ಲರೆದುರು ಬೈಗುಳ. ಒಬ್ಬಳಿಗೆ ಹೊಟ್ಟೆ ಕೆಟ್ಟಿತ್ತು. ಎದ್ದಳು, ಬಂದಳು, ಮತ್ತೆ ಎದ್ದಳು. ಅವನು ಬಾಗಿಲಿಗೆ ಅಡ್ಡ ನಿಂತು ಗಡಿಯಾರ ತೋರಿಸಿದ. ಅವಳು ಹೊಲಿಗೆ ಯಂತ್ರದ ಮುಂದೆಯೇ, ಅಷ್ಟು ಜನರ ನಡುವೆ, ಉಟ್ಟ ಬಟ್ಟೆಯಲ್ಲೇ...

"ಸಾಕು ಬಿಡಕ್ಕಾ."

"ಕೇಳು. ನೀನು ಕೈಗೆ ಕಟ್ಕೊಂಡಿರೋದು ಅದನ್ನೇ." ಗುಜರಿ ಅಕ್ಕ ಕರ್ಚೀಫನ್ನು ಇನ್ನಷ್ಟು ಒತ್ತಿಕೊಂಡಳು. "ಅವಳ ಮನೇಲಿ ಮಾಟ ಬಲ್ಲವರಿದ್ರು. ಮೇಸ್ತ್ರಿ ಸೆಲ್ ಬದಲಿಸೋಕೆ ಕೊಟ್ಟಾಗ, ಇವಳು ರಿಪೇರಿಯವನ ಕೈಕಾಲು ಹಿಡಿದು, ಚೈನಿನಲ್ಲಿದ್ದ ಅವನ ಮೈಕೊಳೆ ಕೆರೆದು, ಉಂಡೆ ಕಟ್ಟಿ, ತಾನು ಆವತ್ತು ಉಟ್ಟಿದ್ದ ಬಟ್ಟೆಯ ದಾರ ಸುತ್ತಿ, ಮಂತ್ರ ಹಾಕಿ ಸೆಲ್ಲಿನ ಅಡಿ ಇಟ್ಲು. 'ನೀನು ನನ್ನ ಗಳಿಗೆ ಎಣಿಸ್ದೆ. ಇದು ನಿನ್ನ ಮೈ ಎಣಿಸ್ಲಿ' ಅಂದ್ಲಂತೆ. ಮೇಸ್ತ್ರಿಯನ್ನ ಕೊನೆಗೆ ಹಾಸಿಗೆಯಿಂದ ಎತ್ತಲಿಲ್ಲ. ಬಾಚಿದ್ರು."

ಕೆಳಗೆ ಯಾರೋ ಟೈರಿನ ಗಾಳಿ ಬಿಟ್ಟರು. ಉಸ್ಸೆಂದಿತು. ಗೀಟಪ್ಪ ಬೆಚ್ಚಿಬಿದ್ದ.

"ಬಿಡಿಸೋ ದಾರಿ ಇಲ್ವಾ?"

"ನನ್ನ ಹಿಂದಿನ ಯಜಮಾನನೂ ನಿನ್ನ ಹಾಗೇ ಒತ್ತಿದ. ಅವನು ಬದುಕಿದ್ದಾನೆ. ಹರಾಜಿಗೆ ಹಾಕಿದ. ಅದಕ್ಕೆ ಬೇಕಾಗಿರೋದು 'ನನಗೆ ಬೇಕು' ಅನ್ನೋ ಬಾಯಿ ಕಣೋ. ಎಲ್ಲರಿಗಿಂತ ಜೋರಾಗಿ ಯಾರ ಹೆಸರಲ್ಲಿ ಬೇಕು ಅಂತ ಕೂಗು ಬರುತ್ತೋ, ಹರಾಜು ಮುಗಿದ ಗಳಿಗೆಗೆ ಅದು ಅವರಿಗೆ ಹತ್ತುತ್ತೆ. ಗಡಿಯಾರ ಕೈಗೆ ಸೇರಬೇಕು ಅಂತಿಲ್ಲ. ನಾವಿನ್ನೂ ಪೊಟ್ಟಣಕ್ಕೆ ಟೇಪ್ ಹಚ್ಚುತ್ತಾ ಇದ್ವಿ, ಕೊಂಡವನು ಬೇರೆ ಊರಿಂದ ಫೋನ್ ಮಾಡಿ ಅಳ್ತಿದ್ದ, ನನ್ನ ಮೈಯಿಂದ ಏನೋ ಬರ್ತಿದೆ ಅಂತ."

"ನೀವು ಏನಂದ್ರಿ?"

"ರಾಂಗ್ ನಂಬರ್ ಅಂದೆ." ಅವಳ ಮುಖದಲ್ಲಿ ತನ್ನ ಬಗ್ಗೆಯೇ ಇದ್ದ ಅಸಹ್ಯ ಒಮ್ಮೆ ಹೊರಬಂದು ಒಳಗೆ ಹೋಯಿತು. "ಆಮೇಲೆ ಆ ಕೆಲಸ ಬಿಟ್ಟೆ. ನಿಂಗೆ ದಾರಿ ಹೇಳ್ದೆ, ಮಾಡು ಅಂತ ಹೇಳ್ತಿಲ್ಲ. ಮಾಡೋದಾದ್ರೆ ಸುಮ್ನೆ ಹಾಕಿ ಬಿಡು. ಯಾವ ಬೆಲೆಗೆ ಹೋದ್ರೂ ಹೋಗ್ಲಿ. ಯಾರು ಕೊಂಡ್ರು ಅಂತ ಮಾತ್ರ ನೋಡ್ಬೇಡ."

*

ಗೀಟಪ್ಪ ಮನೆಗೆ ಹೋಗಿ ಹೆಂಡತಿಗೆ ಮುಚ್ಚಿದ ಬಾಗಿಲಿನ ಈಚೆಯಿಂದಲೇ ಎಲ್ಲ ಹೇಳಿದ.

"ಕೊಳ್ಳೋರ ಮನೇಲೂ ಜನ ಇರ್ತಾರಲ್ಲ ರೀ," ಎಂದಳು.

"ನಾನು ಸಾಯ್ಲಾ ಹಾಗಾದ್ರೆ?"

ಆಚೆ ಚಿಲಕ ಬಿದ್ದ ಸದ್ದು ಕೇಳಿಸಿತು.

ಗಡಿಯಾರದ ಸತ್ತ ಒಡೆಯನ ಮನೆಯವರು, ಹರಾಜು ಹಾಕಿ ಎಂದು ಕಂಪನಿಗೆ ಬರೆದುಕೊಟ್ಟ ಒಪ್ಪಿಗೆ ಇದ್ದೇ ಇತ್ತು. ಗೀಟಪ್ಪ ಮನೆಯಿಂದಲೇ ಕಂಪ್ಯೂಟರಿನಲ್ಲಿ ಹರಾಜಿನ ಪುಟ ತೆರೆದ. ಗಡಿಯಾರ ಕೈಬಿಟ್ಟು ಬರುವುದಿಲ್ಲವಲ್ಲ. ಕೈಗೆ ಬಿಳಿ ಬಟ್ಟೆ ಸುತ್ತಿ ಫೋಟೋ ತೆಗೆದ. ತೆಗೆಯುವಷ್ಟರಲ್ಲಿ ಬಟ್ಟೆ ಕಂದಾಯಿತು. "ಮೂಲಸ್ಥಿತಿಯಲ್ಲಿದೆ, ತೊಳೆದಿಲ್ಲ," ಎಂದು ಬರೆದ. ಹರಾಜು ಒಂದು ಮಧ್ಯಾಹ್ನಕ್ಕೆ ಮುಗಿಯುವಂತೆ ಇಟ್ಟ.

ಆ ಮಧ್ಯಾಹ್ನ ಹೆಂಡತಿ ಆಸ್ಪತ್ರೆಗೆ ಹೋಗಿದ್ದಳು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಗೀಟಪ್ಪ ಕೂತ ಪ್ಲಾಸ್ಟಿಕ್ ಕುರ್ಚಿಯ ಕಾಲುಗಳ ಸುತ್ತ ಬೂದು ಮುದ್ದೆ, ಮೇಣದಬತ್ತಿಯ ಬುಡದಲ್ಲಿ ಶೇಖರವಾಗುವಂತೆ ಶೇಖರವಾಗಿತ್ತು. ಎಡಗೈಯ ಕಿರುಬೆರಳು ಬೆಳಿಗ್ಗೆ ಟವೆಲ್ಲಿನಲ್ಲೇ ಉಳಿದುಬಿಟ್ಟಿತ್ತು. ನೋವಿಲ್ಲ. ರಕ್ತವೂ ಇಲ್ಲ. ಹುಳಿ ನಾತ, ಅಷ್ಟೇ.

ಪುಟದ ಕೆಳಗೆ ಜನ ನಗುತ್ತಿದ್ದರು. "ತಿಪ್ಪೆಯಿಂದ ಎತ್ತಿದ್ರಾ?" ಎಂದೊಬ್ಬ. "ಗಡಿಯಾರಕ್ಕೆ ಬೇಡ, ಗೊಬ್ಬರಕ್ಕೆ ತಗೋತೀನಿ," ಎಂದಿನ್ನೊಬ್ಬ. ಕೂಗಿದ್ದವನು ಒಬ್ಬನೇ. ಹೆಸರಿನ ಜಾಗದಲ್ಲಿ ನಕ್ಷತ್ರಗಳು. ಬೆಲೆಯೋ, ಒಂದು ಗೋಡೆ ಗಡಿಯಾರಕ್ಕೂ ಸಾಲದು.

ಒಂದು ಕೂಗು ಸಾಕಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು.

ಆದರೆ ಪಕ್ಕದ ಪರದೆಯಲ್ಲಿ ಅವನ ಗೀಟಿತ್ತು. ಆ ಕೂಗಿನ ಬೆಲೆ ಅಲ್ಲಿ ಮಸುಕಾದ ಚುಕ್ಕಿಯಾಗಿ ಆಗಲೇ ಬಂದು ಕೂತಿತ್ತು. ತಳದಲ್ಲಿ. ಎಲ್ಲಕ್ಕಿಂತ ತಳದಲ್ಲಿ. ಇಷ್ಟು ವರ್ಷ ಏರಿದ ಗೀಟು ಅದನ್ನು ಮುಟ್ಟಲು ಮುರಿದ ಕೊಂಬೆಯಂತೆ ಜೋತುಬಿದ್ದಿತ್ತು. ಮೈ ಕರಗಿ ಕುರ್ಚಿಯಿಂದ ಇಳಿಯುತ್ತಿದ್ದಾಗ ಸಹಿಸಿದವನಿಗೆ ಅದನ್ನು ಸಹಿಸಲಾಗಲಿಲ್ಲ. ಹುಚ್ಚು ಎಂದರೆ ಇದು. ಸಾಯುವವನ ಬಾಯಿಗೆ ನೀರು ಬಿಡಲು ಹೋದರೆ ಲೋಟದ ಆಕಾರ ಸರಿಯಿಲ್ಲ ಎನ್ನುವ ಹುಚ್ಚು.

ಸ್ವಲ್ಪ ಎತ್ತೋಣ. ಸ್ವಲ್ಪವೇ. ಅವನು ಮತ್ತೆ ಕೂಗುತ್ತಾನೆ, ನಾನು ಜಾರಿಕೊಳ್ಳುತ್ತೇನೆ. ಯಾವಾಗಲೂ ಮಾಡುವುದೇ ಅಲ್ಲವೇ?

ಕೈ ತಾನಾಗಿ ಹಳೆಯ ಖಾತೆ ತೆರೆಯಿತು. ಕೂಗಿತು. ನಕ್ಷತ್ರದವನು ಮೇಲೆ ಕೂಗಿದ. ಗೀಟಪ್ಪ ಅದರ ಮೇಲೆ. ಅವನು ಇನ್ನೂ ಮೇಲೆ. ಚುಕ್ಕಿ ಏರಿತು. ತಳದಿಂದ ನಡುವಿಗೆ, ನಡುವಿನಿಂದ ಗೀಟಿನ ಎತ್ತರಕ್ಕೆ. ಆಹಾ! ಗೀಟಪ್ಪನ ಒಡೆದ ತುಟಿಯಲ್ಲಿ ನಗು. ಇನ್ನೊಂದು ಕೂಗು. ದೊಡ್ಡದು. ಚುಕ್ಕಿ ಗೀಟನ್ನು ದಾಟಿ ಆಕಾಶಕ್ಕೆ ಹಾರಿತು.

ನಕ್ಷತ್ರದವನು ಕೂಗಲಿಲ್ಲ.

ಗೀಟಪ್ಪ ಕಾದ. ಕೂಗಲಿಲ್ಲ. ಕೂಗೋ ಮಾರಾಯ. ಕೂಗಲಿಲ್ಲ. ಪುಟದಲ್ಲಿ ಒಂದು ಸಾಲು ಮೂಡಿತು: ಆ ಕೊಳ್ಳುವವರು ತಮ್ಮ ಕೂಗುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು ಹೊರಟುಹೋಗಿದ್ದಾರೆ.

ಈಗ ಎಲ್ಲರಿಗಿಂತ ಜೋರಾದ ಕೂಗು ಒಂದೇ. ಬೇರೆಯವರಿಗೆ ನಕ್ಷತ್ರ ಕಾಣುವ ಜಾಗದಲ್ಲಿ, ತಾನೇ ತೆರೆದ ಖಾತೆಯಾದ್ದರಿಂದ, ಅವನಿಗೆ ಪೂರ್ತಿ ಹೆಸರು ಕಾಣುತ್ತಿತ್ತು. ಭಾವಮೈದುನನ ಹೆಸರು. ಅದರ ಪಕ್ಕ ಒಂದು ಸಣ್ಣ ಕೆಂಪು ಬಟನ್: ಕೂಗನ್ನು ಹಿಂದಕ್ಕೆ ತೆಗೆದುಕೊಳ್ಳಿ. ಒತ್ತಬಹುದಿತ್ತು. ಸಮಯವಿತ್ತು. ಒತ್ತಿದರೆ ಕೊಳ್ಳುವವರೇ ಇಲ್ಲ. ಗಡಿಯಾರ ಅವನ ಕೈಯಲ್ಲೇ.

ಪರದೆಯ ಬಾಣವನ್ನು ಅದರ ಮೇಲೆ ತಂದು, ಕೀಬೋರ್ಡಿನ ಮೇಲೆ ಬೆರಳಿಟ್ಟ. ಬೆರಳಿನಿಂದ ಒಂದು ಸುರುಳಿ ಕೊಳೆ ಇಳಿದು ಕೀಲಿಗಳ ನಡುವೆ ಬಿತ್ತು.

ತನ್ನ ಬೆನ್ನು ಉಜ್ಜಿದ ಕೈಗಳು ನೆನಪಾದವು. ಗಂಧದ ಕೊರಡು ಅಂದಿದ್ದ. ಆಮೇಲೆ ಇನ್ನೊಂದು ಮಾತು ಹೊಳೆಯಿತು. ಎಂಥ ನುಣುಪಾದ ಮಾತು! ಯಾವ ಕೊಳೆಗೂ ಅಷ್ಟು ಜಿಡ್ಡಿರಲಿಕ್ಕಿಲ್ಲ. ಅವನು ದಿನವಿಡೀ ನೀರಲ್ಲಿರುವವನಲ್ಲವೇ? ತೊಳೆದುಕೊಂಡು ಹೋಗುತ್ತದೆ. ಅವನಿಗೆ ಏನೂ ಆಗುವುದಿಲ್ಲ. ತೊಳೆದುಕೊಂಡು ಹೋಗುತ್ತದೆ.

ಬೆರಳು ತೆಗೆದ.

ಹರಾಜು ಮುಗಿಯಿತು.

ಚೈನಿನ ಕೊಕ್ಕೆ ಟಪ್ಪೆಂದು ಬಿಚ್ಚಿತು. ಗಡಿಯಾರ ನೆಲಕ್ಕೆ ಬಿತ್ತು. ಓಡುತ್ತಿದ್ದ ಮುಳ್ಳು ಹೋಗಿ ಓರೆಯಾಗಿ ಒಂದು ಕಡೆ ನಿಂತುಕೊಂಡಿತು. ಗೀಟಪ್ಪ ಬಚ್ಚಲಿಗೆ ತೆವಳಿದ. ನೀರು ಸುರಿದುಕೊಂಡ. ಉಜ್ಜಿದ. ಏನೂ ಬರಲಿಲ್ಲ. ಮತ್ತೆ ಉಜ್ಜಿದ. ಬರೀ ನೊರೆ. ಬಿಳಿ, ಹಗುರ ನೊರೆ. ಸೋಪಿನ ಪರಿಮಳ ಬಂತು; ಎಷ್ಟೋ ದಿನಗಳ ಮೇಲೆ ಬಂತು. ನಕ್ಕ. ಅತ್ತ. ಒಗೆದ ಅಂಗಿ ತೊಟ್ಟ. ಇಸ್ತ್ರಿಯ ಗೆರೆಗಳನ್ನು ಕೈಯಿಂದ ಸವರಿಕೊಂಡ.

ಫೋನು ಹೊಡೆದುಕೊಂಡಿತು. ಹೆಂಡತಿ. ಹಿಂದೆ ಬಹಳ ಜನರ ಕೂಗಾಟ, ನೀರಿನ ಸದ್ದು, ಮಕ್ಕಳ ಅಳು.

"ಕೊಳದ ಹತ್ರ ಬನ್ನಿ ರೀ. ತಮ್ಮನ್ನ ನೀರಿಂದ ಎತ್ತೋಕಾಗ್ತಿಲ್ಲ."

"ಮುಳುಗಿದ್ನಾ?"

"ಮುಳುಗಿಲ್ಲ. ಕೂಗ್ತಿದ್ದಾನೆ." ಅವಳ ಧ್ವನಿ ಹಲ್ಲುಗಳ ನಡುವಿನಿಂದ ಬಂತು. "ಎಲ್ಲಿ ಹಿಡಿದ್ರೆ ಅಲ್ಲಿ ಕೈಗೆ ಬರ್ತಿದ್ದಾನೆ."

ಅವನು ಹೋಗುವಷ್ಟರಲ್ಲಿ ಕೂಗು ನಿಂತಿತ್ತು. ಕೊಳದ ಸುತ್ತ ಜನ ಬಾಯಿಗೆ ಬಟ್ಟೆ ಹಿಡಿದು ನಿಂತಿದ್ದರು. ನೀಲಿ ನೀರಿರಲಿಲ್ಲ. ದಡದಿಂದ ದಡಕ್ಕೆ ಪಾತ್ರೆ ತೊಳೆದ ನೀರಿನ ಮೇಲೆ ಕಟ್ಟುವಂಥ ದಪ್ಪ ಬೂದು ಕೆನೆ. ಅದು ಮೆಲ್ಲಗೆ ಏಳುತ್ತ ಇಳಿಯುತ್ತ, ಇನ್ನೂ ಉಸಿರಾಡುತ್ತಿರುವಂತೆ ಕಾಣುತ್ತಿತ್ತು. ಕ್ಲೋರಿನ್ನಿನ ವಾಸನೆಯ ಅಡಿಯಿಂದ ಆ ಇನ್ನೊಂದು ವಾಸನೆ ಮೇಲೇರುತ್ತಿತ್ತು.

ಹೆಂಡತಿ ದಡದ ಮೆಟ್ಟಿಲ ಮೇಲೆ ಮೊಣಕಾಲೂರಿದ್ದಳು. ಮೊಣಕೈವರೆಗೆ ಬೂದು. ಕೈತುಂಬ ಏನನ್ನೋ ಎದೆಗೆ ಅವಚಿಕೊಂಡಿದ್ದಳು; ಅದು ಬೆರಳುಗಳ ಸಂದಿಯಿಂದ ಸೋರುತ್ತಲೇ ಇತ್ತು. ವಾಂತಿ ಮಾಡುತ್ತಿರಲಿಲ್ಲ. ಮೂಗು ಮುಚ್ಚಿಕೊಂಡಿರಲಿಲ್ಲ.

ತಲೆಯೆತ್ತಿ ಗಂಡನನ್ನು ನೋಡಿದಳು. ಅವನ ತೊಳೆದ ಮುಖ ನೋಡಿದಳು. ಬಾಚಿದ ಕೂದಲು ನೋಡಿದಳು. ಅಂಗಿಯ ತೋಳಿನಿಂದ ಹೊರಗೆ ಕಾಣುತ್ತಿದ್ದ ಬರಿದಾದ ಮಣಿಕಟ್ಟು ನೋಡಿದಳು.

"ಯಾರ ಹೆಸರಲ್ಲಿ ಕೂಗಿದ್ರಿ?"

ಗೀಟಪ್ಪನ ಬಾಯಿ ತೆರೆಯಿತು. ಯಾವುದಾದರೂ ಒಂದು ಹೆಸರು ಹೇಳಬೇಕಿತ್ತು. ಲೋಕದಲ್ಲಿ ಇಷ್ಟು ಜನರಿದ್ದರೂ ಒಂದೇ ಒಂದು ಬೇರೆ ಹೆಸರು ಬಾಯಿಗೆ ಬರಲಿಲ್ಲ.

ಅವಳು ಎದ್ದಳು. ಕೈಯಲ್ಲಿದ್ದುದನ್ನು ಮೆಲ್ಲಗೆ, ಮಗುವನ್ನು ಮಲಗಿಸುವಂತೆ ಮೆಟ್ಟಿಲ ಮೇಲೆ ಇಟ್ಟಳು. ಅವನ ಹತ್ತಿರ ಬಂದಳು. ಅವನಿಂದ ಸೋಪಿನ ಪರಿಮಳ ಬರುತ್ತಿತ್ತು. ಮುಖದ ಮುಂದೆ ಆ ಪರಿಮಳ ಸುಳಿದದ್ದೇ ತಡ, ಅಷ್ಟು ಹೊತ್ತು ತಡೆದುಕೊಂಡಿದ್ದವಳಿಗೆ ಹೊಟ್ಟೆಯೊಳಗಿಂದ ಓಕರಿಕೆ ಉಕ್ಕಿ ಬಂತು. ನುಂಗಿಕೊಂಡಳು. ಆಮೇಲೆ ಎರಡೂ ಕೈಗಳನ್ನು, ಅಂಗೈ ಒಮ್ಮೆ, ಮುಂಗೈ ಒಮ್ಮೆ, ನಿಧಾನವಾಗಿ, ಅವನ ಒಗೆದ ಅಂಗಿಗೆ ಒರೆಸಿದಳು.